ಚೀಲವನ್ನು ಕೊನೆಗೆ ಕೊಳ್ಳಿ

(ಚಾರಣಕ್ಕೆ ಹೊಸದಾಗಿ ಹೊರಟವರಿಗಾಗಿ ಶಿವಮೊಗ್ಗದಲ್ಲಿ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು ತಕ್ಕಡಿ. ಪಕ್ಕದ ಬೀದಿಯ ಕಿರಾಣಿ ಅಂಗಡಿಯವರು ಒಂದು ಹೊತ್ತಿನ ಮಟ್ಟಿಗೆ ಕೊಟ್ಟಿದ್ದಾರೆ. ಇನ್ನೊಂದು ಸಿಂಬೆ, ಹೊರೆ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸುರುಳಿ. ಹಳೆ ಸೀರೆಯ ತುಂಡನ್ನು ಹಗ್ಗದ ಹಾಗೆ ಹೊಸೆದು ಸುತ್ತಿದ್ದು, ನಮ್ಮ ಅಮ್ಮನದು.

ಅಮ್ಮ ಸೊಪ್ಪಿನ ಬೆಟ್ಟದಿಂದ ಕೊಟ್ಟಿಗೆಗೆ ಸೊಪ್ಪಿನ ಹೊರೆ ತರುತ್ತಿದ್ದರು. ಹೊರೆ ಕಟ್ಟಿ ಮುಗಿದ ಮೇಲೆ ತಲೆಗೆ ಏರಿಸುವ ಮುಂಚೆ ಹಗ್ಗ ಹಿಡಿದು ಒಮ್ಮೆ ಎತ್ತಿ ನೋಡುತ್ತಿದ್ದರು. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಕಟ್ಟು ಬಿಚ್ಚಿ ಎರಡು ತೆಕ್ಕೆ ಸೊಪ್ಪನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಒದ್ದೆ ಸೊಪ್ಪು ತೂಕ ಜಾಸ್ತಿ, ದಾರಿಯೂ ಜಾರುತ್ತದೆ. ಬಿಟ್ಟದ್ದನ್ನು ನಾಳೆ ತರಬಹುದು. ಚೀಲದ ಬಗ್ಗೆ ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಹೆಚ್ಚುಕಮ್ಮಿ ಆ ಎರಡು ತೆಕ್ಕೆ ಸೊಪ್ಪಿನಲ್ಲೇ ಇದೆ. ಅಮ್ಮ ಮೊದಲು ಹೊರೆಯನ್ನು ತೀರ್ಮಾನಿಸುತ್ತಿದ್ದರು, ಆಮೇಲೆ ಅದನ್ನು ಹೊರುವ ಬಗೆಯನ್ನು. ನಾವು ಮೊದಲು ಚೀಲ ಕೊಳ್ಳುತ್ತೇವೆ, ಆಮೇಲೆ ಅದನ್ನು ತುಂಬಿಸುತ್ತೇವೆ.

ನನ್ನ ಮೊದಲ ದೊಡ್ಡ ಚಾರಣ ಕುಮಾರ ಪರ್ವತ. ಕುಕ್ಕೆ ಸುಬ್ರಹ್ಮಣ್ಯದ ಬುಡದಿಂದ 1,712 ಮೀಟರ್ ಎತ್ತರದ ತುದಿಗೆ. ನಮ್ಮ ರಾಜ್ಯದ ಚಾರಣಗಳಲ್ಲಿ ಇಷ್ಟು ಏರು ಇರುವುದು ಕಡಿಮೆ. ಗೆಳೆಯರೊಬ್ಬರಿಂದ 60 ಲೀಟರಿನ ಚೀಲ ಕೇಳಿ ಪಡೆದಿದ್ದೆ. ಖಾಲಿ ಚೀಲವೇ ಎರಡು ಕೆಜಿ ಮೀರಿತ್ತು. ಒಳಗೆ ಜಾಗ ಉಳಿದಿದೆ ಎಂದು ಒಂದು ಹೊದಿಕೆ, ಜಾಗ ಇನ್ನೂ ಇದೆ ಎಂದು ಇನ್ನೊಂದು ಜೊತೆ ಬಟ್ಟೆ. ದಾರಿಯ ನಡುವೆ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಕಾಡಿನ ನೆರಳು ತಪ್ಪಿ ಬರೀ ಹುಲ್ಲುಗಾವಲು. ತಲೆಯ ಮೇಲೆ ಬಿಸಿಲು, ಹೆಗಲಿನಲ್ಲಿ ಉರಿ, ಬೆರಳುಗಳಲ್ಲಿ ಜೋಮು. ಕಲ್ಲುಮಂಟಪದ ಹತ್ತಿರ ಕೂತಾಗ ನನಗೆ ಬೆಟ್ಟ ಕಾಣುತ್ತಿರಲಿಲ್ಲ, ನನ್ನ ಪಾದ ಮಾತ್ರ ಕಾಣುತ್ತಿತ್ತು. ಅಷ್ಟು ದೂರ ಹೋಗಿ ಶೇಷಪರ್ವತದ ಬೆನ್ನನ್ನು ಕಣ್ಣೆತ್ತಿ ನೋಡದೆ ಹತ್ತಿದೆನಲ್ಲ ಎಂಬ ಸಂಕಟ ಈಗಲೂ ಇದೆ. ಹಗುರ ಚೀಲದ ಬಗ್ಗೆ ನಾನು ಇಷ್ಟು ಹಟದಿಂದ ಮಾತಾಡುವುದಕ್ಕೆ ಕಾರಣ ಅದೇ.

ಈಗ ತಕ್ಕಡಿಗೆ ಬರೋಣ. ಮುಂದಿನ ವಾರ ಕುದುರೆಮುಖಕ್ಕೆ ಹೊರಟಿರುವ ಒಬ್ಬ ತಮ್ಮ ಇಲ್ಲಿದ್ದಾನೆ. ತುಂಬಿದ ಚೀಲ ತಂದುಕೊಡು ಎಂದು ಮೊದಲೇ ಕೇಳಿಕೊಂಡಿದ್ದೆ. ತೂಗಿದೆವು: 9 ಕೆಜಿ. ಮುಳ್ಳೋಡಿಯ ಹೋಂಸ್ಟೇಯಲ್ಲಿ ತಂಗಿ, ಬೆಳಿಗ್ಗೆ ಹತ್ತಿ, ಸಂಜೆಯೊಳಗೆ ಇಳಿಯುವ ಚಾರಣಕ್ಕೆ 9 ಕೆಜಿ. ಬಿಚ್ಚಿ ಒಂದೊಂದನ್ನೇ ತೂಗೋಣ.

ಚೀಲ 45 ಲೀಟರಿನದು, ಖಾಲಿ ತೂಕ 1.7 ಕೆಜಿ. ಬಿಸಿನೀರು ಬಿಸಿಯಾಗೇ ಇಡುವ ಸ್ಟೀಲ್ ಬಾಟಲಿ, ಬಾಟಲಿಯೇ ಅರ್ಧ ಕೆಜಿ, ಒಳಗಿನ ನೀರು ಒಂದು ಕೆಜಿ. ಇನ್ನೊಂದು ಲೀಟರ್ ನೀರು ಬೇರೆ. ಜೀನ್ಸ್ ಪ್ಯಾಂಟು 650 ಗ್ರಾಂ. ದಪ್ಪ ಟರ್ಕಿ ಟವೆಲ್ 450. ದೊಡ್ಡ ಪವರ್ ಬ್ಯಾಂಕ್ 430. ಎರಡು ಜೊತೆ ಬಟ್ಟೆ, ಒಂದು ಜೊತೆ ಚಪ್ಪಲಿ, ಕ್ಯಾಮೆರಾ, ಛತ್ರಿ, ಬೆಡ್‌ಶೀಟ್, ತಿಂಡಿ. ಎಲ್ಲ ಹೊರಗೆ ಬಂತು. ಇಷ್ಟು ಸಾಮಾನಿನಲ್ಲಿ ಮಳೆ ಅಂಗಿ ಇಲ್ಲ. ಟಾರ್ಚ್ ಇಲ್ಲ. ಗಾಯಕ್ಕೆ ಕಟ್ಟುವ ಪಟ್ಟಿ ಇಲ್ಲ. ಈ ತಮ್ಮನೊಬ್ಬನ ಮಾತಲ್ಲ ಇದು, ನಾನು ಬಿಚ್ಚಿ ನೋಡಿದ ಬಹುಪಾಲು ಭಾರದ ಚೀಲಗಳ ಕಥೆ. ಭಾರವಿದ್ದ ಮಾತ್ರಕ್ಕೆ ತಯಾರಿ ಆಗಿದೆ ಎಂದಲ್ಲ.

ಜೀನ್ಸು, ಟವೆಲು, ಚಪ್ಪಲಿ, ಬದಲಿ ಬಟ್ಟೆ, ಬೆಡ್‌ಶೀಟ್ ಹೋಂಸ್ಟೇಯಲ್ಲೇ ಇರಲಿ. ಮೂರು ಕೆಜಿಗೂ ಹೆಚ್ಚು ಅಲ್ಲೇ ಇಳಿಯಿತು. ತುದಿಗೆ ಹೋಗಿ ಮರಳಲು ಸುಮಾರು 20 ಕಿಲೋಮೀಟರ್ ನಡಿಗೆ, ಒಂದು ಹಗಲಿನ ಕೆಲಸ. ಸ್ಟೀಲ್ ಬಾಟಲಿಯ ಬದಲು ಹಗುರ ಬಾಟಲಿ, ಪವರ್ ಬ್ಯಾಂಕ್ ಅರ್ಧ ಗಾತ್ರದ್ದು. ಛತ್ರಿ ತೆಗೆದು ಮಳೆ ಅಂಗಿ, ಟಾರ್ಚ್, ಪಟ್ಟಿ-ಔಷಧಿಯ ಪೊಟ್ಟಣ ಹಾಕಿದೆವು. ಇಷ್ಟಾದ ಮೇಲೆ ನೋಡಿ, 45 ಲೀಟರಿನ ಚೀಲ ಸೊರಗಿ ನಿಂತಿದೆ. ಉಳಿದ ಸಾಮಾನು 20 ಲೀಟರಿನ ಚೀಲಕ್ಕೆ ಹಾಯಾಗಿ ಹಿಡಿಯುತ್ತದೆ, ಆ ಚೀಲ ಅರ್ಧ ಕೆಜಿಯಷ್ಟು ತೂಗುತ್ತದೆ. ಮತ್ತೆ ತೂಗಿದರೆ ಎಲ್ಲ ಸೇರಿ ನಾಲ್ಕೂವರೆ ಕೆಜಿಯ ಒಳಗೆ. ಇಳಿದ ತೂಕದಲ್ಲಿ ಹೊಸ ಚೀಲದ ಪಾಲು ಸುಮಾರು ಕಾಲು ಭಾಗ. ಉಳಿದದ್ದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಬಾಟಲಿ, ಪವರ್ ಬ್ಯಾಂಕ್ ಎರಡನ್ನು ಬಿಟ್ಟರೆ.

ಹಾಗಾಗಿ ನನ್ನ ಮೊದಲ ಮಾತು: ಒಯ್ಯಬೇಕಾದ ಸಾಮಾನನ್ನೆಲ್ಲ ಚಾಪೆಯ ಮೇಲೆ ಹರಡಿ, ತೂಗಿ, ಬೇಡದ್ದನ್ನು ಎತ್ತಿಡಿ. ಉಳಿದದ್ದನ್ನು ಒಂದು ರಟ್ಟಿನ ಡಬ್ಬಿಗೆ ಹಾಕಿ ಅಂಗಡಿಗೆ ಒಯ್ಯಿರಿ. ಅದು ಹಿಡಿಸುವ ಅತಿ ಸಣ್ಣ ಚೀಲ ಯಾವುದೋ ಅದು ನಿಮ್ಮದು. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಲೀಟರಿನ ಲೆಕ್ಕದ ಬಗ್ಗೆ ಒಂದು ಮಾತು. ಒಂದು ಹಗಲಿನ ಚಾರಣಕ್ಕೆ 18ರಿಂದ 25 ಲೀಟರ್, ಒಂದು ರಾತ್ರಿ ತಂಗುವುದಿದ್ದರೆ 30ರಿಂದ 40. ಊಟ, ಚಾವಣಿ ಎರಡೂ ಸಿಗುವ ಕಡೆ ರಾತ್ರಿಗೂ 28-30 ಸಾಕು. ಡೇರೆ, ಒಲೆ ಎಲ್ಲ ಹೊರುವುದಾದರೆ 40. ಅದಕ್ಕಿಂತ ಮೇಲೆ ಹೋಗಬೇಡಿ. ನಮ್ಮ ಘಟ್ಟದ ಕಾಡುಗಳಲ್ಲಿ ಡೇರೆ ಹಾಕಲು ಅನುಮತಿ ಸಿಗುವ ಜಾಗಗಳೇ ಕಡಿಮೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಡೇರೆಗೆಂದು ದೊಡ್ಡ ಚೀಲ ಕೊಂಡವರು ಅದನ್ನು ಅಟ್ಟದ ಮೇಲಿಟ್ಟಿದ್ದಾರೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಚೀಲದ ಗಾತ್ರ ಅಳೆಯುವುದು ನೀರು ತುಂಬಿಸಿ ಅಲ್ಲ, ಸಣ್ಣ ಪ್ಲಾಸ್ಟಿಕ್ ಗೋಲಿಗಳನ್ನು ತುಂಬಿಸಿ. ಕೆಲವು ಕಂಪನಿಗಳು ಹೊರಗಿನ ಜಾಲರಿ ಜೇಬುಗಳನ್ನೂ ಲೆಕ್ಕಕ್ಕೆ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಆದ್ದರಿಂದ ಎರಡು ಬೇರೆ ಕಂಪನಿಯ 30 ಲೀಟರಿನ ಚೀಲಗಳು ಒಂದೇ ಅಳತೆಯವು ಎಂದು ನಂಬಬೇಡಿ. ಡಬ್ಬಿ ಒಯ್ಯಿರಿ ಎಂದದ್ದು ಇದಕ್ಕೇ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಬೆನ್ನು.

ಬಟ್ಟೆ ಕೊಳ್ಳುವಾಗ ಅಳತೆ ನೋಡುತ್ತೇವೆ, ಚಪ್ಪಲಿಗೂ ನೋಡುತ್ತೇವೆ. ಚೀಲಕ್ಕೆ ಮಾತ್ರ ಬಣ್ಣ ನೋಡುತ್ತೇವೆ. ಕತ್ತು ಮುಂದಕ್ಕೆ ಬಗ್ಗಿಸಿ, ಹಿಂದೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಈಗ ಎರಡೂ ಕೈಗಳನ್ನು ಸೊಂಟದ ಮೇಲಿಡಿ, ಅಮ್ಮ ಬೈಯುವಾಗ ನಿಲ್ಲುತ್ತಾರಲ್ಲ ಹಾಗೆ, ಹೆಬ್ಬೆರಳು ಹಿಂದಕ್ಕೆ. ಕೈ ಕೂತಿರುವುದು ಸೊಂಟದ ಮೂಳೆಯ ಏಣಿನ ಮೇಲೆ. ಎರಡು ಹೆಬ್ಬೆರಳನ್ನು ಸೇರಿಸುವ ಗೆರೆಯಿಂದ ಕತ್ತಿನ ಆ ಮೂಳೆಯವರೆಗೆ ದರ್ಜಿಯ ಟೇಪಿನಲ್ಲಿ ಅಳೆಯಿರಿ, ಬೆನ್ನಿನ ಬಾಗನ್ನು ಅನುಸರಿಸಿ. ಅದು ನಿಮ್ಮ ಬೆನ್ನಿನ ಉದ್ದ. ನೀವು ಎಷ್ಟು ಎತ್ತರ ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆರಡಿ ಎತ್ತರದವರಿಗೆ ಉದ್ದ ಕಾಲು, ಗಿಡ್ಡ ಬೆನ್ನು ಇರಬಹುದು. ನನ್ನ ಜೊತೆ ನಡೆಯುವವರೊಬ್ಬರು ವರ್ಷಗಟ್ಟಲೆ ಎತ್ತರ ನೋಡಿ ದೊಡ್ಡ ಅಳತೆಯ ಚೀಲ ಹೊತ್ತು ಕತ್ತುನೋವು ತಿಂದರು, ಅಳೆದು ನೋಡಿದರೆ ಅವರದು ಮಧ್ಯಮ ಅಳತೆಯ ಬೆನ್ನು.

ಈ ಉದ್ದ ಯಾಕೆ ಬೇಕು? ಸೊಂಟದ ಪಟ್ಟಿ ಸೊಂಟದ ಮೂಳೆಯ ಏಣನ್ನು ಅಪ್ಪಿ ಕೂರಬೇಕು. ಹೊಟ್ಟೆಯ ಮೇಲಲ್ಲ, ತೊಡೆಯ ಮೇಲಲ್ಲ. ಅಲ್ಲಿ ಕೂತರೆ ಭಾರದ ಹೆಚ್ಚಿನ ಪಾಲು ಕಾಲಿಗೆ ಇಳಿಯುತ್ತದೆ. ಕಾಲು ನಡೆಯಲೆಂದೇ ಬೆಳೆದ ಅಂಗ, ಹೆಗಲು ಅಲ್ಲ. ಹೆಗಲ ಪಟ್ಟಿ ಕತ್ತಿಗೂ ತೋಳಿಗೂ ನಡುವಿನ ಸ್ನಾಯುವನ್ನು ಒತ್ತುತ್ತಲೇ ಇದ್ದರೆ ತೋಳಿಗೆ ಹೋಗುವ ನರಗಳೂ ಒತ್ತಿ ಬೆರಳಿಗೆ ಜೋಮು ಬರುತ್ತದೆ. ಕುಮಾರ ಪರ್ವತದಲ್ಲಿ ನನಗೆ ಆದದ್ದು ಅದು. ಸೊಂಟದ ಪಟ್ಟಿ ನೇತಾಡುತ್ತಿತ್ತು, ಅದನ್ನು ಯಾಕೆ ಕೊಟ್ಟಿದ್ದಾರೆಂದು ಕೇಳಬೇಕೆಂದೂ ತೋಚಿರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1952ರ ಹೊತ್ತಿಗೆ ಡಿಕ್ ಕೆಲ್ಟಿ ಎಂಬ ಬಡಗಿ ಅಲ್ಯೂಮಿನಿಯಂ ಕೊಳವೆಗಳಿಂದ ಚೌಕಟ್ಟು ಮಾಡಿ, ಹೆಂಡತಿ ನೀನಾ ಚೀಲ ಹೊಲಿದು, ಮನೆಯಲ್ಲೇ ಕೂತು ಬೆನ್ನಚೀಲಗಳನ್ನು ಮಾಡಿ ಮಾರತೊಡಗಿದರು. ಸೊಂಟಕ್ಕೆ ಭಾರ ಇಳಿಸುವ ಪಟ್ಟಿ ಚಾರಣಿಗರ ನಡುವೆ ಹರಡಿದ್ದು ಅವರಿಂದ. ಆದರೆ ಅದರ ಹಿಂದಿನ ತಿಳಿವಳಿಕೆ ನಮಗೆ ಹೊಸದೇನಲ್ಲ. ಈ ಸಿಂಬೆಯನ್ನೇ ನೋಡಿ. ಹೊರೆ ತಲೆಯ ನಟ್ಟನಡುವೆ ಕೂತರೆ ಭಾರ ಬೆನ್ನೆಲುಬಿನ ನೇರಕ್ಕೆ ಇಳಿಯುತ್ತದೆ, ದೇಹ ಮುಂದಕ್ಕೆ ಬಾಗಬೇಕಿಲ್ಲ. ಮೂಳೆಗಳು ಹೊರುತ್ತವೆ, ಸ್ನಾಯುಗಳು ಬರೀ ತೂಗಿಸಿಕೊಂಡು ಹೋಗುತ್ತವೆ. ಒಳ್ಳೆಯ ಚೀಲವೂ ಅದನ್ನೇ ಮಾಡಬೇಕು.

ಪಟ್ಟಿ ಇದ್ದ ಮಾತ್ರಕ್ಕೆ ಭಾರ ಸೊಂಟಕ್ಕೆ ಇಳಿಯುವುದಿಲ್ಲ ಎಂಬುದನ್ನು ಮರೆಯಬೇಡಿ. ಚೀಲದ ಬೆನ್ನಿನಲ್ಲಿ ಗಟ್ಟಿಯಾದ ಏನೋ ಒಂದು ಇರಬೇಕು. ಪ್ಲಾಸ್ಟಿಕ್ ಹಾಳೆಯೋ, ಅಲ್ಯೂಮಿನಿಯಂ ಪಟ್ಟಿಯೋ, ಬಳುಕುವ ತಂತಿಯೋ. ಅದಿಲ್ಲದ ಚೀಲ ಭಾರ ಹೆಚ್ಚಿದಾಗ ಕುಸಿಯುತ್ತದೆ, ಮತ್ತೆ ಎಲ್ಲ ಹೆಗಲಿಗೇ. ನನ್ನ ಅನುಭವದಲ್ಲಿ ಒಟ್ಟು ಭಾರ 7-8 ಕೆಜಿಯ ಒಳಗಿದ್ದರೆ ಚೌಕಟ್ಟಿಲ್ಲದ ಚೀಲ ಸಾಕು. ಮಲಗುವ ಫೋಮ್ ಚಾಪೆಯನ್ನು ಮಡಚಿ ಬೆನ್ನಿನ ಕಡೆ ಇಟ್ಟರೆ ಅದೇ ಚೌಕಟ್ಟಾಗುತ್ತದೆ, ಕೂರಲೂ ಆಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಚೌಕಟ್ಟಿನ 400-500 ಗ್ರಾಂ ತೂಕವನ್ನು ಸಂತೋಷದಿಂದ ಹೊರಿ. ಖಾಲಿ ತೂಕ ಮಾತ್ರ ನೋಡಿ, 600 ಗ್ರಾಮಿನ ಚೀಲಕ್ಕೆ 11 ಕೆಜಿ ತುಂಬಿ ನರಳುವವರನ್ನು ಕಂಡಿದ್ದೇನೆ. ಅದು ಹಗುರವಲ್ಲ.

ಅಂಗಡಿಯಲ್ಲಿ ಖಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡಬೇಡಿ. ಖಾಲಿ ಚೀಲ ಎಲ್ಲರಿಗೂ ಹೊಂದುತ್ತದೆ. ಐದು ಕೆಜಿ ತುಂಬಿಸಿ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಸೊಂಟದ ಪಟ್ಟಿ ಬಿಗಿಯಿರಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯ ಸಣ್ಣ ಪಟ್ಟಿ. ಹೆಗಲ ಪಟ್ಟಿಗೂ ಹೆಗಲಿಗೂ ನಡುವೆ ಗಾಳಿ ಆಡುವ ಸಂದು ಇರಬಾರದು. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಹದಿನೈದು ನಿಮಿಷ ಬೆನ್ನ ಮೇಲೆ ಇರಲಿ, ಅವಸರಪಡಿಸುವವರಿದ್ದರೆ ಬೇರೆ ಅಂಗಡಿಗೆ ಹೋಗಿ.

ಮುಂದಿನ ಸಾಲಿನ ತಂಗಿ ಕೇಳಿದಳು: "ಅಕ್ಕಾ, ಹೆಂಗಸರ ಚೀಲ ಅಂತ ಬೇರೆ ಮಾರ್ತಾರಲ್ಲ, ಅದು ಬರೀ ಬಣ್ಣದ ವ್ಯತ್ಯಾಸಾನಾ?" ಸರಿಯಾಗಿ ಮಾಡಿದ ಚೀಲದಲ್ಲಿ ಅಲ್ಲಮ್ಮ. ಹೆಗಲ ಪಟ್ಟಿಗಳು ಹತ್ತಿರ ಹತ್ತಿರ ಇರುತ್ತವೆ, ಎದೆಯ ಪಕ್ಕದಲ್ಲಿ ಬಾಗಿ ಹೋಗುತ್ತವೆ, ಬೆನ್ನಿನ ಅಳತೆ ಗಿಡ್ಡ, ಸೊಂಟದ ಪಟ್ಟಿ ಓರೆಯಾಗಿ ಅಗಲವಾಗುತ್ತದೆ. ಅದು ನಿನ್ನ ಮೈಗೆ ಹೊಂದಿದರೆ ಅದನ್ನೇ ತಗೋ. ಕಿರಿದಾದ ಹೆಗಲಿನ ಗಂಡಸರಿಗೂ ಅದು ಹೊಂದಬಹುದು, ತಗೊಳ್ಳಲು ನಾಚಬೇಕಿಲ್ಲ. ಚೀಟಿಯಲ್ಲಿ ಬರೆದದ್ದು ಬೆನ್ನಿಗೆ ಗೊತ್ತಾಗುವುದಿಲ್ಲ.

ಇನ್ನು ಮಳೆ. ಬೇರೆ ದೇಶದವರು ಬರೆದ ಸಲಹೆಗಳು ನಮಗೆ ಸಾಲದೆ ಹೋಗುವುದು ಇಲ್ಲೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಆ ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಚೀಲದ ಜೊತೆ ಕೊಡುವ ಮಳೆ ಹೊದಿಕೆ ಚೀಲದ ಮುಖವನ್ನು ಮುಚ್ಚುತ್ತದೆ, ಬೆನ್ನಿಗೆ ತಾಗುವ ಕಡೆಯನ್ನು ಮುಚ್ಚುವುದಿಲ್ಲ. ನೀರು ಕತ್ತಿನಿಂದ ಬೆನ್ನಿಗಿಳಿದು ಅಲ್ಲಿಂದ ಒಳಗೆ ಹೋಗುತ್ತದೆ, ಹೊದಿಕೆಯ ತಳದಲ್ಲಿ ಕೆರೆಯಾಗಿ ನಿಲ್ಲುತ್ತದೆ. ನಾಟಿ ಗದ್ದೆಯಲ್ಲಿ ಹೆಂಗಸರು ಹಾಕಿಕೊಳ್ಳುತ್ತಿದ್ದ ಗೊರಬು, ಗಂಡಸರ ಕಂಬಳಿ ಕೊಪ್ಪೆ ನೆನಪಿಸಿಕೊಳ್ಳಿ. ಅವು ತಲೆಯಿಂದ ಶುರುವಾಗಿ ಬೆನ್ನು ಪೂರ್ತಿ ಮುಚ್ಚುತ್ತವೆ, ನೀರಿಗೆ ನಡುವೆ ನುಸುಳಲು ಸಂದೇ ಇಲ್ಲ. ಮನುಷ್ಯರನ್ನೂ ಚೀಲವನ್ನೂ ಒಟ್ಟಿಗೆ ಮುಚ್ಚುವ ಪೊಂಚೊ ಅದೇ ಜಾತಿಯದು. ಅದರ ಜೊತೆಗೆ ಚೀಲದ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಒಳಪದರವಾಗಿ ಹಾಕಿ, ಬಾಯಿ ತಿರುಚಿ ಕಟ್ಟಿ. ಹೊರಗಿನ ಚೀಲ ನೆನೆದರೆ ನೆನೆಯಲಿ, ಒಳಗಿನ ಒಣ ಬಟ್ಟೆ ಒಣಗೇ ಇರಬೇಕು. ಕಾಡಿನ ಗೇಟಿನಲ್ಲಿ ಚೀಲ ತಪಾಸಣೆ ಮಾಡಿದರೆ ಇದನ್ನು ತೋರಿಸಿ, ಎಸೆಯುವುದಕ್ಕಲ್ಲ ಎಂದು ಹೇಳಿ, ಮರಳಿ ತನ್ನಿ. ನನ್ನ ಬಳಿ ಒಂದೇ ಒಳಪದರ ಮೂರು ಮಳೆಗಾಲ ಕಂಡಿದೆ.

ಮಳೆಗಾಲದ ಮಾತು ಬಂದರೆ ಇಂಬಳವನ್ನು, ಅಂದರೆ ಕಾಡಿನ ಜಿಗಣೆಯನ್ನು, ಬಿಡುವಂತಿಲ್ಲ. ಚೀಲವನ್ನು ನೆಲಕ್ಕೆ ಇಟ್ಟರೆ ಇಂಬಳ ಹತ್ತುತ್ತದೆ, ಮತ್ತೆ ಬೆನ್ನಿಗೇರಿಸಿದಾಗ ಕತ್ತಿಗೆ ಬರುತ್ತದೆ. ಹಾಗಾಗಿ ಉದ್ದುದ್ದ ನೇತಾಡುವ ಪಟ್ಟಿಗಳು, ನೂರೆಂಟು ಕುಣಿಕೆಗಳು ಇರುವ ಚೀಲ ನಮಗೆ ಬೇಡ. ಮೇಲ್ಗಡೆ ಕೊಂಬೆಗೆ ತಗುಲಿಹಾಕಲು ಗಟ್ಟಿಯಾದ ಒಂದು ಕುಣಿಕೆ ಇರಲಿ. ತಿಳಿಬಣ್ಣದ ಚೀಲದ ಮೇಲೆ ಇಂಬಳ ಬೇಗ ಕಣ್ಣಿಗೆ ಬೀಳುತ್ತದೆ. ನೀರಿನ ಬಾಟಲಿ ಪಕ್ಕದ ಜೇಬಿನಿಂದ ಚೀಲ ಇಳಿಸದೆಯೇ ಕೈಗೆ ಸಿಗಬೇಕು. ಇದನ್ನು ಅಂಗಡಿಯಲ್ಲೇ ಮಾಡಿ ನೋಡಿ. ಸಿಗದಿದ್ದರೆ ನೀವು ನೀರು ಕುಡಿಯುವುದನ್ನು ಮುಂದೂಡುತ್ತೀರಿ, ಬಿಸಿಲಿನ ಹುಲ್ಲುಗಾವಲಿನಲ್ಲಿ ಅದು ಅಪಾಯ.

ಚೀಲದ ಬಟ್ಟೆಯ ಬಗ್ಗೆ ಚುಟುಕಾಗಿ. ಚೀಟಿಯ ಮೇಲೆ 210 ಡೆನಿಯರ್, 420 ಡೆನಿಯರ್ ಎಂದು ಇರುತ್ತದೆ. ಆ ನೂಲನ್ನು 9,000 ಮೀಟರ್ ಉದ್ದ ಹಿಡಿದರೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟು ನೂಲು ದಪ್ಪ, ಚೀಲ ಭಾರ. ನಮ್ಮ ಮುಳ್ಳುಕಂಟಿಗಳ ನಡುವೆ ಮೈಗೆ 210, ತಳಕ್ಕೆ 420 ಇದ್ದರೆ ನೆಮ್ಮದಿ. ಬಟ್ಟೆಯಲ್ಲಿ ಚೌಕುಳಿ ಚೌಕುಳಿಯಾಗಿ ದಪ್ಪ ಎಳೆ ಹಾಯ್ದಿದ್ದರೆ ಹರಿದ ತೂತು ಮುಂದಕ್ಕೆ ಓಡುವುದಿಲ್ಲ. ಬಟ್ಟೆಗಿಂತ ಮೊದಲು ಸೋಲುವುದು ಜಿಪ್ಪು. ಅದನ್ನು ಹತ್ತು ಸಲ ಎಳೆದು ನೋಡಿ. ರನ್ನರ್ ಹೋದರೆ ನಮ್ಮ ಊರುಗಳ ಬ್ಯಾಗ್ ರಿಪೇರಿಯವರು ಕಡಿಮೆ ದುಡ್ಡಿನಲ್ಲಿ ಬದಲಿಸಿಕೊಡುತ್ತಾರೆ, ಆದರೆ ಅದು ಬೆಟ್ಟದ ಮೇಲೆ ಹೋದರೆ ಕಷ್ಟ. ನನಗೆ ಹಗ್ಗ ಎಳೆದು ಬಾಯಿ ಮುಚ್ಚುವ ಚೀಲವೇ ಇಷ್ಟ.

ಹಗುರತನಕ್ಕೂ ಒಂದು ಮಿತಿ ಇದೆ. ಒಂದು ಕಾಲದಲ್ಲಿ ಗ್ರಾಂ ಎಣಿಸುವುದೇ ನನಗೆ ಗೀಳಾಗಿತ್ತು. ಕೊಡಚಾದ್ರಿಗೆ ಹೊರಟಾಗ ತಲೆಗೆ ಕಟ್ಟುವ ಟಾರ್ಚನ್ನು, 80 ಗ್ರಾಮಿನದು, ಕತ್ತಲಾಗುವ ಮುಂಚೆ ಇಳಿಯುತ್ತೇವಲ್ಲ ಎಂದು ಮನೆಯಲ್ಲೇ ಬಿಟ್ಟೆ. ಹಿಡ್ಲುಮನೆ ಅಬ್ಬಿಯ ದಾರಿಯಲ್ಲಿ ಇಳಿಯುವಾಗ ಜೊತೆಯಲ್ಲಿದ್ದವರ ಕಾಲು ಉಳುಕಿತು, ನಡಿಗೆ ನಿಧಾನವಾಯಿತು, ಕಾಡಿನೊಳಗೆ ಕತ್ತಲು ಬಯಲಿಗಿಂತ ಬೇಗ ಬಂತು. ಒಂದು ಕೈಯಲ್ಲಿ ಮೊಬೈಲ್ ಬೆಳಕು ಹಿಡಿದರೆ ಒದ್ದೆ ಬಂಡೆಯ ಮೇಲೆ ಅವರನ್ನು ಹಿಡಿಯಲು ಒಂದೇ ಕೈ ಉಳಿಯಿತು. ಎರಡು ಸಲ ಇಬ್ಬರೂ ಜಾರಿದೆವು. ಆ ದಿನದಿಂದ ಟಾರ್ಚ್, ಮಳೆ ಅಂಗಿ, ಪಟ್ಟಿ-ಔಷಧಿ, ಒಂದು ಒಣ ಅಂಗಿ, ಸಾಕಷ್ಟು ನೀರು, ಇವನ್ನು ನಾನು ತೂಗುವುದೇ ಇಲ್ಲ. ಇವು ಮೊದಲು ಚೀಲದೊಳಗೆ ಹೋಗುತ್ತವೆ, ಉಳಿದವು ತಕ್ಕಡಿಗೆ ಬರುತ್ತವೆ.

ಹಿರಿಯರೊಬ್ಬರು, ಅರವತ್ತು ದಾಟಿದ ಮೇಲೆ ಶುರು ಮಾಡಬಹುದೇ ಎಂದು ಕೇಳಿದರು. ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, 3,300 ಕಿಲೋಮೀಟರಿನಷ್ಟು ಉದ್ದದ ಅಪಲಾಚಿಯನ್ ಕಾಲುಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಅವರು ಹೊತ್ತದ್ದು ಮನೆಯಲ್ಲಿ ತಾವೇ ಹೊಲಿದ ಒಂದು ಬಟ್ಟೆ ಚೀಲ, ಒಂದೇ ಹೆಗಲಿಗೆ. ಒಂದೇ ಹೆಗಲಿಗೆ ಹಾಕಿ ಎಂದು ನಾನು ಹೇಳುವುದಿಲ್ಲ, ಸರ್. ಅವರ ಹೊರೆ ಅಷ್ಟು ಕಡಿಮೆಯಿತ್ತು ಎಂಬುದನ್ನು ನೋಡಿ. ನೀವು ದೇಹದ ತೂಕದ ಹತ್ತನೇ ಒಂದು ಭಾಗ ಮೀರದ ಹಾಗೆ ನೋಡಿಕೊಳ್ಳಿ. ಸಣ್ಣ ಬೆಟ್ಟಗಳಿಂದ ಶುರು ಮಾಡಿ.

ದುಡ್ಡಿನ ವಿಷಯ. ಮೊದಲ ಎರಡು ಮೂರು ಚಾರಣಕ್ಕೆ ಬಾಡಿಗೆಗೆ ತನ್ನಿ, ಇಲ್ಲವೇ ಕಾಲೇಜಿನ ಚೀಲವನ್ನೇ ಒಯ್ಯಿರಿ. ಒಂದು ಹಗಲಿಗೆ ಅದು ನಡೆಯುತ್ತದೆ. ದಪ್ಪ ಟವೆಲಿನ ಬದಲು ಕರಾವಳಿಯವರ ತೆಳು ಬೈರಾಸು ಒಯ್ಯಿರಿ, ಒರೆಸಲು, ತಲೆಗೆ ಸುತ್ತಲು, ಉಳುಕಿದ ಕಾಲಿಗೆ ಕಟ್ಟಲು ಅದೊಂದೇ ಸಾಕು. ಬಿಸ್ಕತ್ತಿನ ಪೊಟ್ಟಣಗಳ ಬದಲು ಹಚ್ಚಿದ ಅವಲಕ್ಕಿ, ಚಪಾತಿ-ಚಟ್ನಿಪುಡಿ, ನೆಲಗಡಲೆ ಚಿಕ್ಕಿ.

ಕೊನೆಯ ಪ್ರಶ್ನೆ, ಚೀಲ ಎಷ್ಟು ವರ್ಷ ಬಾಳುತ್ತದೆ ಎಂದು. ಮಲೆನಾಡಿನಲ್ಲಿ ಚೀಲ ಸಾಯುವುದು ಬೆಟ್ಟದ ಮೇಲಲ್ಲ, ಮನೆಯಲ್ಲಿ. ಒಳಮೈಗೆ ಬಳಿದ ಜಲನಿರೋಧಕ ಪದರ ತೇವದ ಗಾಳಿಯಲ್ಲಿ ಕ್ರಮೇಣ ಕಳಚಿಕೊಳ್ಳುತ್ತದೆ, ಮೊದಲು ಅಂಟಂಟಾಗಿ ನಾರುತ್ತದೆ, ಆಮೇಲೆ ಸಿಪ್ಪೆಯಾಗಿ ಉದುರುತ್ತದೆ. ಬಂದ ದಿನವೇ ಬೆವರಿನ ಉಪ್ಪು ಹೋಗುವ ಹಾಗೆ ಕೈಯಲ್ಲೇ, ಸ್ವಲ್ಪ ಸೋಪಿನ ನೀರಿನಲ್ಲಿ ತೊಳೆಯಿರಿ. ವಾಷಿಂಗ್ ಮೆಷಿನ್ ಬೇಡ. ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಿ ಪೂರ್ತಿ ಒಣಗಿಸಿ, ಮಳೆಗಾಲದಲ್ಲಾದರೆ ಒಲೆಯಿರುವ ಕೋಣೆಯಲ್ಲಿ, ಬೆಂಕಿಯಿಂದ ದೂರ. ಮಡಚಿ ಗಂಟು ಕಟ್ಟದೆ ಹಾಗೇ ತೂಗುಬಿಡಿ. ಅದಕ್ಕೂ ಮೊದಲು ಒಂದೊಂದು ಜೇಬನ್ನೂ ಹೊರಮಗ್ಗುಲಾಗಿ ತಿರುವಿ ಕೊಡವಿ. ಹೋದ ವರ್ಷ ಸೊಂಟದ ಜೇಬಿನಲ್ಲಿ ಉಳಿದಿದ್ದ ಒಂದು ಚೂರು ಚಿಕ್ಕಿಗಾಗಿ ಇಲಿ ನನ್ನ ಒಳ್ಳೆಯ ಚೀಲದ ಪಟ್ಟಿಯನ್ನೇ ಕತ್ತರಿಸಿತ್ತು. ಆ ಜಾಗಕ್ಕೆ ಹಳೆ ಕಾರಿನ ಸೀಟ್ ಬೆಲ್ಟಿನ ತುಂಡು ಹೊಲಿಸಿದ್ದೇನೆ, ನೋಡುವುದಿದ್ದರೆ ಮುಂದೆ ಬನ್ನಿ.